ಕಿವಿ ಕಂಬ

ಆ ಸದ್ದು ಮೊದಲು ನನಗೆ ಸಿಕ್ಕಿದ್ದು ಅಟ್ಟದ ಮೇಲಿನ ಹಿತ್ತಾಳೆ ತಪ್ಪಲೆಯಲ್ಲಿ. ಮಧ್ಯಾಹ್ನ ಮುದ್ದೆ ಉಂಡು ನಡುಮನೆಯಲ್ಲಿ ಒರಗಿಕೊಂಡಿದ್ದೆ. ತಪ್ಪಲೆ ತನ್ನಷ್ಟಕ್ಕೆ ತಾನೇ ಸಣ್ಣಗೆ ನಡುಗುತ್ತಿತ್ತು. ಬೆಕ್ಕು ಹೊಕ್ಕಿದೆಯೇನೋ ಎಂದು ಎದ್ದು ನೋಡಿದರೆ ಬೆಕ್ಕಿಲ್ಲ. ತಪ್ಪಲೆಯ ಮೇಲೆ ಅಂಗೈ ಇಟ್ಟೆ, ಅದು ಸುಮ್ಮನಾಯಿತು. ಸದ್ದು ಮಾತ್ರ ಸುಮ್ಮನಾಗಲಿಲ್ಲ. ತಪ್ಪಲೆಯನ್ನು ಬಿಟ್ಟು ನನ್ನ ತೋಳಿಗೆ ಹತ್ತಿ, ಎದೆಗೂಡಿನೊಳಗೆ ಇಳಿದು, ಅಲ್ಲೇ ಬಾಡಿಗೆಗೆ ಕೂತುಬಿಟ್ಟಿತು.

ಇದು ರಾಮನಗರ ಇನ್ನೂ ಜಿಲ್ಲೆಯಾಗದಿದ್ದ ಕಾಲದ ಮಾತು. ನಮ್ಮೂರು ಮರಳವಾಡಿ ಹೋಬಳಿಗೆ ಸೇರಿದ್ದು. ಊರಿನ ಬಡಗಲಿಗೆ, ಹಾರೋಹಳ್ಳಿ ಕಡೆಯಿಂದ ವರ್ಷವರ್ಷವೂ ಒಂದೊಂದು ಹೊಲ ದಾಟುತ್ತಾ ಬಂದ ಫ್ಯಾಕ್ಟ್ರಿಗಳಲ್ಲಿ ನಮಗೆ ತೀರ ಹತ್ತಿರದ್ದು ಕಬ್ಬಿಣ ಎರಕದ ಫ್ಯಾಕ್ಟ್ರಿ. ಕುಲುಮೆಯ ಹೊಗೆಯನ್ನು ಎಳೆದು ಚಿಮಣಿಗೆ ದಬ್ಬಲು ಅಲ್ಲೊಂದು ಆಳೆತ್ತರದ ಫ್ಯಾನು ಕೂರಿಸಿದ್ದರು. ಅದರ ಗುಂಯ್ ಎನ್ನುವ ದಪ್ಪ ಸದ್ದು ಚಿಮಣಿಯ ಬಾಯಿಂದ ಹೊರಟು, ಹೊಲಗಳ ಮೇಲೆ ತೆವಳಿಕೊಂಡು ಬಂದು ಮನೆಯೊಳಗೆ ನುಗ್ಗುತ್ತಿತ್ತು. ಗೋಡೆ ಅದಕ್ಕೆ ಲೆಕ್ಕಕ್ಕೇ ಇಲ್ಲ. ಬಾಗಿಲು ಹಾಕಿದರೆ ಇನ್ನೂ ಹೆಚ್ಚು. ಅಂಗಳದಲ್ಲಿ ನಿಂತವರಿಗೆ ಅಷ್ಟಾಗಿ ಏನೂ ಅನ್ನಿಸುತ್ತಿರಲಿಲ್ಲ, ಒಳಗೆ ಮಲಗಿದವರಿಗೆ ಮಾತ್ರ ತಲೆದಿಂಬಿನೊಳಗೆ ಯಾರೋ ಲಾರಿ ಸ್ಟಾರ್ಟು ಮಾಡಿ ಮರೆತುಹೋದ ಹಾಗಿರುತ್ತಿತ್ತು.

ಎಲ್ಲರಿಗೂ ಅದು ಒಂದೇ ತರ ಇರಲಿಲ್ಲ. ನನ್ನ ಗಂಡ ನಟರಾಜು "ಎಲ್ಲೈತೆ ಸದ್ದು? ನಿನ್ ತಲೇಲೈತೆ" ಎಂದು ಗೊರಕೆ ಹೊಡೆಯುತ್ತಿದ್ದ. ಅತ್ತೆ ಕೆಂಚಮ್ಮನಿಗೆ ಹಲ್ಲು ಒಂಚೂರು ಜುಮ್ಮೆನ್ನುತ್ತಿತ್ತಂತೆ, ಅಷ್ಟೇ. ಊರಿನ ಅರ್ಧ ಜನಕ್ಕೆ ನಿದ್ದೆಯಿಲ್ಲ, ಇನ್ನರ್ಧ ಜನ ಅವರನ್ನು ನೋಡಿ ನಗುವವರು. ನಿದ್ದೆಯಿಲ್ಲದವರಿಗೆ ನಾನೇ ಮುಂದಾಳು. ಬೈರಾಪಟ್ಟಣದಿಂದ ಮದುವೆಯಾಗಿ ಬಂದ ಹೊಸದರಲ್ಲೇ ಈ ಲತಾಮಣಿಯ ಬಾಯಿ ಜೋರು ಅಂತ ಊರಿಗೆ ಗೊತ್ತಾಗಿತ್ತು. ನಿದ್ದೆಗೆಟ್ಟ ಮೇಲೆ ಅದಕ್ಕೆ ಲಗಾಮೇ ಇಲ್ಲವಾಯಿತು.

ನಿದ್ದೆಯೂ ಅಲ್ಲದ, ಎಚ್ಚರವೂ ಅಲ್ಲದ ಒಂದು ಜಾಗವಿದೆ. ಆ ವರ್ಷವೆಲ್ಲ ನಾನು ಅಲ್ಲೇ ಸಂಸಾರ ಮಾಡಿದೆ. ಕಣ್ಣು ಮುಚ್ಚಿದರೆ ಕನಕಪುರದಿಂದ ಹೊರಟ ಬಸ್ಸಿನಲ್ಲಿ ಕೂತಿರುತ್ತಿದ್ದೆ. ಕಿಟಕಿಯಾಚೆ ಹಿಪ್ಪುನೇರಳೆ ತೋಟ, ರಾಗಿ ಹೊಲ, ಬಂಡೆ, ಮತ್ತೆ ತೋಟ. ಕಂಡಕ್ಟರ್ ಇಲ್ಲ. ಪಕ್ಕದಲ್ಲಿ ತೀರಿಹೋದ ನಮ್ಮಪ್ಪ ಕೂತು ಬೀಡಿ ಹಚ್ಚುತ್ತಾ "ಇನ್ನೇನ್ ಬಂತು ಕಣವ್ವ" ಅನ್ನುತ್ತಿದ್ದ. ಬಸ್ಸು ಗುಂಯ್ ಎನ್ನುತ್ತಲೇ ಇರುತ್ತಿತ್ತು, ಊರು ಬರುತ್ತಿರಲಿಲ್ಲ. ಹಗಲಲ್ಲಿ ಮುದ್ದೆ ತಿರುವುವಾಗಲೂ ಆ ಬಸ್ಸಿನ ಅಲುಗಾಟ ಮೈಯಲ್ಲಿರುತ್ತಿತ್ತು. ನೀರಿಗೆಂದು ಹೋದವಳು ಚೊಂಬು ಹಿಡಿದು ಹಿತ್ತಲಲ್ಲಿ ಸುಮ್ಮನೆ ನಿಂತುಬಿಡುತ್ತಿದ್ದೆ.

ಮನೆಯಲ್ಲಿ ಹಾಯಾಗಿದ್ದವಳು ಒಬ್ಬಳೇ, ನನ್ನ ನಾದಿನಿ ಪದ್ಮಶ್ರೀ. ಹುಟ್ಟಾ ಕಿವುಡಿ, ಮಾತೂ ಬಂದಿರಲಿಲ್ಲ. ಮದುವೆ ವಯಸ್ಸು ಬಂದು ಎಷ್ಟೋ ವರ್ಷವಾಗಿತ್ತು. ಗಂಡಿನ ಕಡೆಯವರು ಬಂದು ನೋಡಿ, ಉಪ್ಪಿಟ್ಟು ತಿಂದು ಹೋಗುತ್ತಿದ್ದರು. ಹಿತ್ತಲಿನ ರೇಷ್ಮೆ ಹುಳು ಮನೆ ಪೂರ್ತಿ ಅವಳ ರಾಜ್ಯ. ಕಾಲು ತೊಳೆಯದೆ ಒಳಗೆ ಹೋದರೆ ಅತ್ತಿಗೆ ಅಂತಲೂ ನೋಡದೆ ಪೊರಕೆ ತೋರಿಸುತ್ತಿದ್ದಳು. ನಮ್ಮ ಮನೆಯವರಷ್ಟೇ ಆಡುವ ಒಂದು ಕೈಮಾತಿತ್ತು. ಅತ್ತೆ ಅಂದರೆ ಮೂಗುಬೊಟ್ಟು ಮುಟ್ಟುವುದು, ನಟರಾಜು ಅಂದರೆ ಮೀಸೆ. ನಾನು ಅಂದರೆ ಹೆಬ್ಬೆರಳಿಗೆ ಪಟಪಟ ಬಡಿಯುವ ನಾಲ್ಕು ಬೆರಳು. ಒಂದು ಮಾತೂ ಕೇಳದವಳಿಗೆ ನನ್ನ ಬಾಯಿಯ ಸಂಗತಿ ಹೇಗೆ ಗೊತ್ತಾಯಿತೋ ಕಾಣೆ. ಪುಣ್ಯವಂತೆ, ಇವಳಿಗೆ ಆ ಪೀಡೆ ಸದ್ದಿಲ್ಲ ಅಂತ ನಾನು ಎಷ್ಟೋ ಸಲ ಹೊಟ್ಟೆ ಉರಿದುಕೊಂಡಿದ್ದೇನೆ.

ಫ್ಯಾಕ್ಟ್ರಿ ಗೇಟಿನ ಮುಂದೆ ಹೋಗಿ ಕೂತೆವು. ಕನಕಪುರದ ಆಫೀಸುಗಳಿಗೆ ಅಲೆದೆವು. ಕೊನೆಗೆ ಫ್ಯಾಕ್ಟ್ರಿಯವರು ಒಬ್ಬ ಇಂಜಿನಿಯರನ್ನು ಕರೆಸಿದರು. ಹೆಸರು ಮಧುಕುಮಾರ್, ಮಾಗಡಿ ಕಡೆಯವನು, ಸಾವನದುರ್ಗದ ಬುಡದಲ್ಲಿ ಬೆಳೆದವನು. ಕೈಯಲ್ಲೊಂದು ಮೀಟರು ಹಿಡಿದು ಮನೆಮನೆಗೂ ಬಂದ. ನಮ್ಮ ನಡುಮನೆಯಲ್ಲಿ ಬಹಳ ಹೊತ್ತು ಕಣ್ಣು ಮುಚ್ಚಿ ನಿಂತು, ಆಮೇಲೆ ಮೀಟರಿನ ಮುಳ್ಳು ಕುಣಿಯುವುದನ್ನು ನನಗೆ ತೋರಿಸಿದ.

"ಇಲ್ಲೈತೆ ನೋಡಿ ಅಕ್ಕ ಸದ್ದು. ನಿಮ್ ಭ್ರಮೆ ಅಲ್ಲ," ಎಂದ.

ನನಗೆ ಅಳು ಬಂತು. ಹುಚ್ಚಿ ಅಲ್ಲ ಅಂತ ಹೇಳಿದ ಮೊದಲನೇ ಮನುಷ್ಯ. ನಟರಾಜುವಿನ ಮುಖದ ಮುಂದೆ ಆ ಮೀಟರು ಹಿಡಿಸಿ, ಅವನು "ಊಂ" ಅನ್ನುವವರೆಗೂ ಬಿಡಲಿಲ್ಲ.

ಇದನ್ನು ಹೋಗಲಾಡಿಸಲು ಇನ್ನೊಂದು ಸದ್ದು ಹಾಕುತ್ತೇನೆ ಎಂದು ಆ ಇಂಜಿನಿಯರು ಹೇಳಿದಾಗ ಮಾತ್ರ ನಾನು ಅವನಿಗೆ ಕೊಟ್ಟಿದ್ದ ಕಾಫಿ ಲೋಟ ವಾಪಸ್ ಇಸ್ಕೊಳ್ಳುವ ಹಾಗಿದ್ದೆ. ಇರೋದೇ ಸಾಕಾಗಿದೆ, ಇನ್ನೊಂದು ಬೇರೆ.

"ತೊಟ್ಟಿಲು ತೂಗಿದ್ದೀರಲ್ಲ ಅಕ್ಕ," ಎಂದ ಮಧುಕುಮಾರ್. "ನೀವು ಈ ಕಡೆಯಿಂದ ತಳ್ತೀರಿ. ಅದೇ ಹೊತ್ಗೆ, ಅಷ್ಟೇ ಜೋರಾಗಿ ನಿಮ್ಮತ್ತೆ ಆ ಕಡೆಯಿಂದ ತಳ್ಳುದ್ರೆ?"

"ತೊಟ್ಟಿಲು ನಿಂತೋಯ್ತದೆ. ನಾವಿಬ್ರೂ ಜಗಳ ಆಡ್ತೀವಿ."

"ನಿಂತೋಯ್ತದಲ್ಲ, ಅಷ್ಟೇ ನಂಗ್ ಬೇಕಾಗಿರೋದು. ಸದ್ದು ಅಂದ್ರೆ ಗಾಳಿ ತೂಗಾಡೋದು. ಫ್ಯಾನು ಗಾಳೀನ ತಳ್ಳೋ ಹೊತ್ಗೆ ನನ್ ಸ್ಪೀಕರ್ ಎಳ್ಕೊಳ್ತದೆ. ಅದು ಎಳೆದ್ರೆ ಇದು ತಳ್ತದೆ. ಎರಡೂ ಸೇರಿದ್ ಕಡೆ ಗಾಳಿ ಅಲ್ಲಾಡಕಿಲ್ಲ."

ಚಿಮಣಿಯ ಬುಡದಲ್ಲಿ ರಾಗಿ ತುಂಬಿಡುವ ವಾಡೆಯಷ್ಟು ದೊಡ್ಡ ಸ್ಪೀಕರ್ ಪೆಟ್ಟಿಗೆಗಳು ಬಂದು ಕೂತವು. ಅವು ಯಾವಾಗ ತಳ್ಳಬೇಕು, ಎಷ್ಟು ತಳ್ಳಬೇಕು ಅಂತ ಗೊತ್ತಾಗಲು ಊರೊಳಗೆ ಒಂದು ಕಂಬ ನೆಟ್ಟು, ಅದರ ತುದಿಗೆ ಮೈಕು ಕಟ್ಟಬೇಕಂತೆ. ಅಲ್ಲಿ ಸದ್ದು ಉಳಿದಿದೆಯೇ ಅಂತ ಆ ಮೈಕು ಕೇಳಿ ಕೇಳಿ ಪೆಟ್ಟಿಗೆಗೆ ಹೇಳುತ್ತಿರುತ್ತದೆ. ಊರಿನವರು ಅದಕ್ಕೆ ಕಿವಿ ಕಂಬ ಅಂತ ಹೆಸರಿಟ್ಟರು. ಇರುವುದು ಒಂದೇ ಕಂಬ, ಅದರ ಸುತ್ತಲಿನ ಕೆಲವು ಮನೆಗಳಿಗೆ ಪೂರ್ತಿ ನೆಮ್ಮದಿ, ದೂರ ಹೋದ ಹಾಗೆ ಕಡಿಮೆ ಎಂದು ಮಧುಕುಮಾರ್ ಬಾಯಿ ತಪ್ಪಿ ಹೇಳಿಬಿಟ್ಟ. ಆವತ್ತಿನಿಂದ ಊರು ಊರಾಗಿ ಉಳಿಯಲಿಲ್ಲ.

ಪಂಚಾಯ್ತಿ ಮೆಂಬರು ಗಂಗಲಕ್ಷ್ಮಮ್ಮನ ಮನೆ ಊರಿನ ಆ ತುದಿಗೆ, ನಮ್ಮದು ಈ ತುದಿಗೆ. ಬೆಳಗಾಗುವುದರೊಳಗೆ ಅವಳ ಮನೆ ಮುಂದೆ ಗುಂಡಿ ತೋಡಿಯಾಗಿತ್ತು. ನಾನು ಮೊರದ ತುಂಬ ರಾಗಿ ಹಾಕಿಕೊಂಡು ಹೋಗಿ, ಆ ಗುಂಡಿಯೊಳಕ್ಕೆ ಕಾಲು ಇಳಿಬಿಟ್ಟು ಕೂತು ಕಲ್ಲು ಆರಿಸತೊಡಗಿದೆ. ಕಂಬ ಹೊತ್ತು ತಂದವರು ಹೆಗಲ ಮೇಲೆ ಅದನ್ನಿಟ್ಟುಕೊಂಡೇ ನಿಂತರು.

"ಎದ್ದೇಳಮ್ಮಿ, ನಾಚ್ಕೆ ಆಗಕಿಲ್ವಾ?" ಎಂದಳು ಗಂಗಲಕ್ಷ್ಮಮ್ಮ.

"ನಿದ್ದೆ ಬರೋರ್ಗೆ ಯಾಕ್ ಗಂಗಲಕ್ಷ್ಮಕ್ಕ ಕಂಬ? ನಿನ್ ಗೊರಕೆ ನಮ್ಮನೆಗಂಟ ಕೇಳ್ತದೆ," ಎಂದೆ.

ಬಿಸಿಲೇರುವ ತನಕ ಕೂತಿದ್ದೆ. ಮೊರದ ರಾಗಿ ಮುಗಿದರೂ ಎದ್ದೇಳದೆ ಮಣ್ಣು ಆರಿಸಿದೆ. ಹೆಗಲು ನೋವು ತಾಳಲಾರದೆ ಕಂಬದವರು ಅದನ್ನು ನಮ್ಮ ಬೀದಿಗೆ ಹೊತ್ತು ತಂದು ನಮ್ಮ ಬಾಗಿಲೆದುರು ನೆಟ್ಟರು. ಮುಂದಿನ ವಾರ ಸ್ವಿಚ್ಚು ಹಾಕುವುದು ಅಂತ ಆಯಿತು. ಗಂಗಲಕ್ಷ್ಮಮ್ಮ ನನ್ನ ಜೊತೆ ಮಾತು ಬಿಟ್ಟಳು, ನಾನು ಗೆದ್ದ ಖುಷಿಗೆ ಪಾಯಸ ಮಾಡಿದೆ.

ಪಾಯಸ ಉಣ್ಣುತ್ತಿರುವಾಗಲೇ ನಟರಾಜು ಆ ಸುದ್ದಿ ತೆಗೆದ. ಹುಳುವಿಗೆ ಸೊಪ್ಪು ಹಾಕಿದ ಮೇಲೆ ಪದ್ಮ ದಿನಾ ಮಧ್ಯಾಹ್ನ ಫ್ಯಾಕ್ಟ್ರಿಯ ಹಿಂದಿನ ಕಾಂಪೌಂಡಿಗೆ ಹೋಗುತ್ತಾಳಂತೆ. ಸೊಪ್ಪಿನ ತೋಟದ ಕಡೆಯಿಂದ ನಾಲ್ಕು ಜನ ನೋಡಿದ್ದಾರೆ.

"ಕೆಲ್ಸದ್ ಹುಡುಗ್ರು ಎಷ್ಟೊಂದ್ ಜನ ಅವ್ರೆ ಅಲ್ಲಿ," ಎಂದ ಅವನು, ತಟ್ಟೆ ನೋಡುತ್ತಾ. "ಯಾವನೋ ಒಬ್ಬ ಇರ್ಬೇಕು."

ಕೆಂಚಮ್ಮ ತುತ್ತು ಕೆಳಗಿಟ್ಟಳು. ಮಗಳ ಕಡೆ ನೋಡಲೇ ಇಲ್ಲ. "ನಾಳೆ ನೀನ್ ಓಗ್ ನೋಡ್ಕಂಡ್ ಬಾ," ಎಂದು ನನಗೆ ಹೇಳಿದಳು. "ನಂಗ್ ಓಗಕ್ ಧೈರ್ಯ ಇಲ್ಲ." ಅದೇ ಉಸಿರಿನಲ್ಲಿ, ಹೆಂಡತಿ ಸತ್ತ ದೂರದ ನೆಂಟನೊಬ್ಬನಿಗೆ ಹೇಳಿ ಕಳಿಸಲು ನಟರಾಜುವಿಗೆ ಅಪ್ಪಣೆಯೂ ಆಯಿತು. ಬಾಯಿಲ್ಲದ ಹೆಣ್ಣನ್ನು ಮರ್ಯಾದೆಯಾಗಿ ಕಳಿಸಬೇಕು, ಹೆಸರು ಕೆಡುವುದರೊಳಗೆ. ತನ್ನ ವಿಷಯವೇ ನಡೆಯುತ್ತಿದೆ ಎಂದು ಗೊತ್ತಿಲ್ಲದ ಪದ್ಮ ಇನ್ನೊಂದು ಸೌಟು ಪಾಯಸ ಹಾಕಿಕೊಂಡಳು.

ಮರುದಿನ ಅವಳ ಹಿಂದೆ ಹೋದೆ. ಬಿಸಿಲು ಬೆಳ್ಳಗೆ ಸುರಿಯುತ್ತಿತ್ತು. ನಿದ್ದೆಯಿಲ್ಲದ ಕಣ್ಣಿಗೆ ಸೊಪ್ಪಿನ ಸಾಲುಗಳು ನೀರಿನೊಳಗಿನ ಗಿಡಗಳಂತೆ ಓಲಾಡುತ್ತಿದ್ದವು. ಮುಂದೆ ಪದ್ಮಳ ಹಸಿರು ಸೀರೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಸೊಪ್ಪಿನೊಳಗೆ ಕರಗುತ್ತಿತ್ತು. ನಾನು ನಡೆಯುತ್ತಿದ್ದೆನೋ, ಆ ಬಸ್ಸಿನ ಕಿಟಕಿಯಿಂದ ನೋಡುತ್ತಿದ್ದೆನೋ ಹೇಳಲಾರೆ. ಏರೋಪ್ಲೇನ್ ಚಿಟ್ಟೆಗಳು ತಲೆಯ ಮೇಲೆ ಹಾರಾಡುತ್ತಿದ್ದವು.

ಫ್ಯಾನಿನ ಶೆಡ್ಡಿಗೆ ಹೊಂದಿಕೊಂಡ ಹಾಗೆ ಕಾಂಪೌಂಡಿಗೆ ತಗಡು ಹೊಡೆದಿದ್ದರು. ಪದ್ಮ ಅದಕ್ಕೆ ಬೆನ್ನೂ ತಲೆಯೂ ಆನಿಸಿ ನೆಲದಲ್ಲಿ ಕೂತಿದ್ದಳು. ಕಣ್ಣು ಮುಚ್ಚಿತ್ತು. ರೇಷ್ಮೆ ಹುಳು ಪೊರೆ ಕಳಚುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ನಿಲ್ಲುತ್ತದೆ. ಅದನ್ನು ನಾವು ಜ್ವರಕ್ಕೆ ಕೂತಿದೆ ಅನ್ನುತ್ತೇವೆ. ಪದ್ಮ ಹಾಗೆ ಕೂತಿದ್ದಳು.

ನಾನು ಗಂಡಸನ್ನು ಹುಡುಕಿದೆ. ಲಂಟಾನದ ಪೊದೆ ಸರಿಸಿ ನೋಡಿದೆ, ತಗಡಿನ ಸಂದಿಯಲ್ಲಿ ಇಣುಕಿದೆ. ಒಂದು ನಾಯಿಯೂ ಇರಲಿಲ್ಲ. ಅಷ್ಟರಲ್ಲಿ ಪದ್ಮ ಕಣ್ಣು ಬಿಟ್ಟಳು. ಬೆಚ್ಚಲಿಲ್ಲ, ಮುಚ್ಚಿಡಲು ಏನಾದರೂ ಇದ್ದರಲ್ಲವೇ ಬೆಚ್ಚುವುದು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು, ನನ್ನ ತಲೆಯನ್ನು ಮೆಲ್ಲಗೆ ತಗಡಿಗೆ ಒತ್ತಿದಳು. ಗುಂಯ್ ಎಂಬುದು ನನ್ನ ತಲೆಬುರುಡೆಯೊಳಗೆ ತುಂಬಿಕೊಂಡಿತು. ಅವಳು ತನ್ನ ಕಿವಿ ಮುಟ್ಟಿಕೊಂಡು, ಆ ಬೆರಳನ್ನು ಎದೆಯವರೆಗೂ ಎಳೆದು, ಎರಡೂ ಕೈ ಅಗಲ ಮಾಡಿದಳು. ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ. ಆಮೇಲೆ ನನ್ನನ್ನು ತೋರಿಸುವ ಆ ನಾಲ್ಕು ಬೆರಳಿನ ಪಟಪಟ ಮಾಡಿ, ಕಿವಿ ಮುಟ್ಟಿ, ತಗಡು ಮುಟ್ಟಿ, ಹುಬ್ಬು ಏರಿಸಿದಳು.

ಅರ್ಥವಾಗಲು ನನಗೆ ಒಂದು ಗಳಿಗೆ ಬೇಕಾಯಿತು. ನೀವೆಲ್ಲ ಬಾಯಿ ಬಡಿದುಕೊಳ್ಳುತ್ತೀರಲ್ಲ, ಅದು ಇದೇನಾ ಅಂತ ಕೇಳುತ್ತಿದ್ದಳು. ಕೇಳುವುದು ಅಂದರೆ ಇದೇನಾ ಅಂತ. ನಾನು ಹೌದು ಎಂದು ತಲೆಯಾಡಿಸಿದೆ. ಸುಳ್ಳು ಹೇಳಿದೆನೋ ನಿಜ ಹೇಳಿದೆನೋ ನನಗೇ ತಿಳಿಯಲಿಲ್ಲ.

ಮನೆಗೆ ಬಂದು ಹೇಳಿದರೆ ಯಾರೂ ನಂಬಲಿಲ್ಲ. ಭಾನುವಾರ ಫ್ಯಾಕ್ಟ್ರಿಗೆ ರಜಾ, ಸೋಮವಾರ ಬೆಳಿಗ್ಗೆ ಫ್ಯಾನು ಮತ್ತೆ ಶುರುವಾಗುತ್ತಿತ್ತು. ಆ ಸೋಮವಾರ, ಫ್ಯಾನು ಶುರುವಾಗುವ ಮುಂಚೆ, ಅತ್ತೆ ಮತ್ತು ಗಂಡನ ಎದುರಿಗೇ ಪದ್ಮಳನ್ನು ಮಂಚದ ಮೇಲೆ ಚಿಮಣಿಗೆ ಬೆನ್ನು ಮಾಡಿ ಕೂರಿಸಿ, ಕಾಲು ಮಡಚಿಸಿ, ಮಡಿಲಿಗೆ ಸೊಪ್ಪಿನ ಕಡ್ಡಿ ಕೊಟ್ಟೆ. ಎಲೆ ಬಿಡಿಸುತ್ತಿದ್ದಳು. ಬಿಡಿಸುತ್ತಿದ್ದ ಕೈ ನಿಂತಿತು, ತಲೆ ಮೇಲೆದ್ದಿತು. ನನ್ನ ಎದೆಯೊಳಗೆ ಆ ಸದ್ದಿನ ಬಾಡಿಗೆದಾರ ಬಂದು ಕೂತದ್ದು ಅದಾದ ಮೇಲೆ.

ನಟರಾಜು ಅಂಗಳಕ್ಕೆ ಹೋಗಿ ಮೂಗು ಸೀಟಿದ. ಕೆಂಚಮ್ಮ ಮಂಚದ ಕಾಲಿಗೆ ಕೈಯಿಟ್ಟು ನೋಡಿದಳು.

"ಮಂಚ ಅದುರ್ತದೆ. ಮೈಗ್ ಗೊತ್ತಾಯ್ತದೆ, ಅಷ್ಟೇಯ," ಎಂದಳು.

"ಅಲ್ಲತ್ತೆ, ಕೇಳ್ತದೆ ಅವ್ಳಿಗೆ."

"ಬ್ಯಾಡ ಲತಾ. ಚಿಕ್ಕೋಳಿದ್ದಾಗ ತಿರುಗ್ದೆ ಇರೋ ದೇವ್ರಿಲ್ಲ, ತೋರಿಸ್ದೆ ಇರೋ ಡಾಕ್ಟ್ರಿಲ್ಲ. ಕಿವಿಗ್ ಮಿಷನ್ ಹಾಕುಸ್ದೆ, ನೋವು ಅಂತ ಕಿತ್ತೆಸೆದ್ಲು. ಎರಡ್ ವರ್ಸ ಜೋಗುಳ ಹಾಡಿವ್ನಿ ಕಣೆ ನಾನು, ಕೇಳಕಿಲ್ಲ ಅಂತ ಗೊತ್ತಿಲ್ದೆ. ಇನ್ ಆಸೆ ಹುಟ್ಟಿಸ್ಬ್ಯಾಡ."

ಗಂಡಿನ ಕಡೆಯವರಿಗೆ ಸದ್ಯ ಬೇಡವೆಂದು ಹೇಳಿ ಕಳಿಸಿದರು. ಅಷ್ಟಾದರೂ ಆಯಿತು. ಆದರೆ ತಗಡಿನ ಹತ್ತಿರ ಹೋಗುವುದಕ್ಕೆ ನಟರಾಜು ಬಿಡಲಿಲ್ಲ. ಗಂಡಸು ಇರಲಿಲ್ಲ ಅಂತ ಊರಿಗೆಲ್ಲ ಡಂಗುರ ಹೊಡೆಯೋಕಾಗುತ್ತಾ, ನೋಡಿದವರು ನೋಡಿದ ಹಾಗೇ ಆಡಿಕೊಳ್ಳುತ್ತಾರೆ ಅಂದ. ಪದ್ಮ ಹೆಚ್ಚು ಹಟ ಮಾಡಲಿಲ್ಲ. ಮನೆಯ ಗೋಡೆಗೂ ಸದ್ದು ಬರುತ್ತಿತ್ತಲ್ಲ, ಹುಳು ಮನೆಯ ಮೂಲೆಯಲ್ಲಿ ಹಣೆಯಾನಿಸಿ ಕೂರುವ ಜಾಗ ಕಂಡುಕೊಂಡಳು.

ಅದೇ ವಾರ ಮಧುಕುಮಾರ್ ಬಂದು ಕಂಬಕ್ಕೆ ಮೈಕು ಕಟ್ಟುತ್ತಿದ್ದ. ಮಾತು ಕೇಳದವರಿಗೆ ಇದೊಂದು ಸದ್ದು ಮಾತ್ರ ಕೇಳಿಸುವುದುಂಟೇ ಎಂದು ಕೇಳಿದೆ.

"ಉಂಟಕ್ಕ. ಕಿವುಡು ಅಂದ್ರೆ ಎಲ್ಲಾ ಬಾಗ್ಲೂ ಮುಚ್ಚಿರ್ತವೆ ಅಂತಲ್ಲ. ಕೆಲವ್ರಿಗೆ ತೀರ ಕೆಳಗಿನ್ ಸದ್ದು ಮಾತ್ರ ಒಳಕ್ ಬತ್ತದೆ. ಯಾಕಕ್ಕ?"

"ಸುಮ್ನೆ ಕೇಳ್ದೆ," ಎಂದೆ. ನನಗೆ ನಿದ್ದೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಅದನ್ನು ಬಿಟ್ಟು ಬೇರೆ ಯಾವ ಯೋಚನೆಗೂ ತಲೆಯಲ್ಲಿ ಜಾಗವಿರಲಿಲ್ಲ.

ಸ್ವಿಚ್ಚು ಹಾಕಿದ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಊರೇ ನೆರೆದಿತ್ತು. ಏನೂ ಸಿಡಿಯಲಿಲ್ಲ, ಏನೂ ಹೊಳೆಯಲಿಲ್ಲ. ಬಾಡಿಗೆದಾರ ಎದೆಯಿಂದ ಎದ್ದು, ಚಾಪೆ ಸುತ್ತಿಕೊಂಡು ಹೊರಟುಹೋದ. ಅಷ್ಟು ದಿನ ಬಿಗಿಹಿಡಿದಿದ್ದ ದವಡೆ ನನಗೆ ಗೊತ್ತಿಲ್ಲದೆ ಸಡಿಲವಾಯಿತು. ನಾನು ಒಳಗೆ ಬಂದೆ. ಮನೆಯೊಳಗೆ ಎಷ್ಟೊಂದು ಸಣ್ಣ ಸದ್ದುಗಳಿದ್ದವು, ಪಾಪ, ಎಲ್ಲವೂ ಕಾದು ನಿಂತಿದ್ದ ನೆಂಟರಂತೆ ಒಂದೊಂದಾಗಿ ಬಂದವು. ಒಲೆಯಲ್ಲಿ ಕೆಂಡ ಚಿಟಿಗುಟ್ಟುವುದು, ಹಂಡೆಯಿಂದ ನೀರು ತೊಟ್ಟಿಕ್ಕುವುದು, ಸೂರಿನಲ್ಲಿ ಗುಬ್ಬಿ ಮೈ ಕೊಡವುವುದು. ಹಿತ್ತಲ ಕಡೆಯಿಂದ ಮಳೆ ಬರುತ್ತಿತ್ತು. ಹೊರಗೆ ಬಿಸಿಲಿದೆ, ಇದೆಲ್ಲಿಯ ಮಳೆ ಎಂದು ಹೋಗಿ ನೋಡಿದರೆ ಹುಳು ಮನೆ. ಹಣ್ಣಾಗಿ ಗೂಡು ಕಟ್ಟುವ ಮುಂಚಿನ ಹುಳುಗಳು ಒಟ್ಟಿಗೆ ಸೊಪ್ಪು ಮೇಯುತ್ತಿದ್ದವು, ತಟ್ಟೆ ತಟ್ಟೆಯಲ್ಲೂ ಜಿಟಿಜಿಟಿ ಮಳೆ. ಆ ಮಳೆ ಕೇಳುತ್ತಾ ಬಾಗಿಲಲ್ಲೇ ಕೂತವಳು ಹಾಗೇ ನಿದ್ದೆ ಹೋದೆ. ಬಸ್ಸು ಇರಲಿಲ್ಲ. ಅಪ್ಪ ಯಾವುದೋ ಮರದ ಕೆಳಗೆ ಇಳಿದುಕೊಂಡು ಹೋಗಿದ್ದ.

ಎಚ್ಚರವಾದಾಗ ಪದ್ಮ ಗೋಡೆಗೋಡೆಯಲ್ಲೂ ಸದ್ದು ಹುಡುಕುತ್ತಿದ್ದಳು. ಒಂದು ಮೂಲೆಗೆ ಹಣೆಯಿಟ್ಟು ಕಾಯುವುದು, ಇನ್ನೊಂದು ಮೂಲೆಗೆ ಹೋಗುವುದು. ಮನೆಯ ಕಂಬಕ್ಕೆ ಕೆನ್ನೆ, ತೊಲೆಗೆ ಅಂಗೈ, ನೆಲಕ್ಕೆ ಕಿವಿ. ನನ್ನನ್ನು ನೋಡಿ ಓಡಿ ಬಂದು ನನ್ನ ಕೈಯನ್ನು ಗೋಡೆಗಿಟ್ಟಳು. ನಿನಗಿದೆಯಾ? ನಾನು ಇಲ್ಲ ಎಂದು ಕೈಯಾಡಿಸಿದೆ. ನನಗೂ ಇಲ್ಲ, ಯಾರಿಗೂ ಇಲ್ಲ, ಅದು ನಿಂತುಹೋಗಿದೆ. ಅವಳು ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಬಡಗಲಿಗೆ ಕೈ ಮಾಡಿದಳು. ಚಿಮಣಿಯ ಹೊಗೆ ಎಂದಿನಂತೆ ಆಕಾಶಕ್ಕೆ ಹೋಗುತ್ತಿತ್ತು.

ಹೊಗೆ ಇದ್ದ ದಿನ ಸದ್ದಿದೆ, ಹೊಗೆ ಇಲ್ಲದ ಭಾನುವಾರ ಸದ್ದಿಲ್ಲ. ಅಷ್ಟನ್ನು ಅವಳು ತಾನೇ ಕಂಡುಕೊಂಡಿದ್ದಳು. ಈಗ ಹೊಗೆಯಿದೆ, ಸದ್ದಿಲ್ಲ. ಅಂದರೆ ನಾನು ಸುಳ್ಳು ಹೇಳುತ್ತಿದ್ದೇನೆ, ಕೆಟ್ಟಿರುವುದು ತನ್ನ ಕಿವಿ. ಅವಳು ಅಂಗೈಯಿಂದ ಕಿವಿಗೆ ಹೊಡೆದುಕೊಂಡಳು. ತಡೆಯಲು ಹೋದರೆ ನನ್ನನ್ನು ತಳ್ಳಿ ಮತ್ತೆ ಹೊಡೆದುಕೊಂಡಳು, ಕೆಟ್ಟುಹೋದ ರೇಡಿಯೋವನ್ನು ತಟ್ಟುವ ಹಾಗೆ. ಮಧುಕುಮಾರ್‌ನ ತೊಟ್ಟಿಲು, ಸ್ಪೀಕರು, ತಳ್ಳುವುದು, ಎಳೆಯುವುದು ಇದನ್ನೆಲ್ಲ ಹೇಳುವುದಕ್ಕೆ ನಮ್ಮ ಕೈಮಾತಿನಲ್ಲಿ ಏನೂ ಇರಲಿಲ್ಲ. ತಗಡಿನ ಹತ್ತಿರ ಕರೆದೊಯ್ದು ತೋರಿಸೋಣವೆಂದರೆ ನಟರಾಜು ಬಿಡುವವನಲ್ಲ.

ಆಮೇಲೆ ಅವಳು ಹೊಡೆದುಕೊಳ್ಳುವುದನ್ನು ಬಿಟ್ಟು ಸುಮ್ಮನಾದಳು. ಅದು ಇನ್ನೂ ಕಷ್ಟವಾಗಿತ್ತು. ಹುಳುವಿಗೆ ಸೊಪ್ಪು ಹಾಕುವುದನ್ನು ಮರೆತಳು, ಕೆಂಚಮ್ಮ ಗದರಿಸಿದರೆ ಎದ್ದು ಹೋಗಿ ಹಾಕಿ ಮತ್ತೆ ಬಂದು ಕೂರುತ್ತಿದ್ದಳು. ನಾನು ಕಾಲು ತೊಳೆಯದೆ ಹುಳು ಮನೆಗೆ ಹೋದರೂ ಪೊರಕೆ ಎತ್ತಲಿಲ್ಲ. ಆ ವಾರವೆಲ್ಲ ನಾನು ಸೊಗಸಾಗಿ ನಿದ್ದೆ ಮಾಡಿದೆ. ಒಂದು ಬೆಳಿಗ್ಗೆ ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡುವಷ್ಟು ಮಲಗಿ ಎದ್ದು ಬಂದಾಗ ಪದ್ಮ ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ, ಏನೂ ಇರಲಿಲ್ಲ. ನನಗೆ ಆ ನಿದ್ದೆಯ ಮೇಲೇ ಅಸಹ್ಯ ಹುಟ್ಟಿತು. ತಲೆ ಬಾಚಿಕೊಳ್ಳದೆ ಗಂಗಲಕ್ಷ್ಮಮ್ಮನ ಮನೆಗೆ ಹೊರಟೆ.

ಅವಳು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಮಾತು ಬಿಟ್ಟಿದ್ದರಿಂದ ತಲೆ ಎತ್ತಲಿಲ್ಲ.

"ಗಂಗಲಕ್ಷ್ಮಕ್ಕ, ಕಂಬ ನೀನೇ ಇಟ್ಕೊ," ಎಂದೆ.

"ಯಾಕೆ, ಏನ್ ಕೆಟ್ಟೈತೆ ಅದ್ರಲ್ಲಿ?"

"ಏನೂ ಕೆಟ್ಟಿಲ್ಲ. ನಮ್ಮನೆಗೆ ಆಗಿಬರ್ಲಿಲ್ಲ."

"ನಿಂಗ್ ಆಗಿಬರ್ದೆ ಇದ್ದಿದ್ದು ನನ್ ಬಾಗ್ಲಿಗೆ ತತ್ತೀಯಾ? ಗುಂಡೀಲ್ ಕಾಲ್ ಬುಟ್ಕಂಡ್ ಕೂತಿದ್ದೋಳು ನೀನೇ ಅಲ್ವಾ?"

ಬೇರೆ ದಾರಿಯಿರಲಿಲ್ಲ. ಪಕ್ಕದಲ್ಲಿ ಕೂತು, ಒಂದಷ್ಟು ಕಾಯಿ ಮಡಿಲಿಗೆ ಹಾಕಿಕೊಂಡು ಸುಲಿಯುತ್ತಾ ಎಲ್ಲ ಹೇಳಿದೆ. ತಗಡು, ಸೋಮವಾರ, ಹೊಗೆ, ಕಿವಿಗೆ ಹೊಡೆದುಕೊಂಡದ್ದು. ಗಂಗಲಕ್ಷ್ಮಮ್ಮ ಸುಲಿಯುವುದನ್ನು ನಿಲ್ಲಿಸಿ ಕೇಳಿದಳು. ಊರಿಗೆಲ್ಲ ಹೇಳಿಬಿಡುತ್ತಾಳೋ ಏನೋ ಎಂದು ಒಳಗೊಳಗೇ ಹೆದರಿಕೆಯಿತ್ತು.

"ನಿನ್ ತಲೆನೋವು?" ಎಂದಳು ಕೊನೆಗೆ.

"ಬತ್ತದೆ ವಾಪಸ್ಸು."

"ಮೊದ್ಲೇ ಹೇಳಿದ್ರೆ ಆ ಗುಂಡಿ ನಾನ್ ಮುಚ್ಚುಸ್ತಾ ಇರ್ಲಿಲ್ಲ," ಎಂದು ಅವಳು ಕಾಯಿ ಸುಲಿಯತೊಡಗಿದಳು. "ಕಳ್ಸು. ಯಾರ್ಗೂ ಹೇಳಕಿಲ್ಲ ಬುಡು."

ಮಧುಕುಮಾರ್‌ಗೆ ಮಾತ್ರ ಇದು ಹಿಡಿಸಲಿಲ್ಲ. ಮೀಟರು ಹಿಡಿದು ಎರಡೂ ಬೀದಿ ಸುತ್ತಿ ಬಂದು ನನ್ನೆದುರು ನಿಂತ. "ಅಕ್ಕ, ಸರಿಯಾಗ್ ಕೇಳುಸ್ಕೊಳ್ಳಿ. ಕಂಬ ಅಲ್ಲಿಗ್ ಹೋದ್ರೆ ಅಲ್ಲಿ ಎರಡ್ ಸದ್ದೂ ಒಂದ್ನೊಂದು ನುಂಗ್ತವೆ. ನಿಮ್ಮನೆ ಹತ್ರ ಅವೇ ಎರಡೂ ಒಟ್ಗೆ ತಳ್ತವೆ. ತೊಟ್ಲು ಇಬ್ರೂ ಒಂದೇ ಕಡೆಯಿಂದ ತೂಗ್ದಂಗೆ. ಮೊದ್ಲಿಗಿಂತ ಜೋರಾಯ್ತದೆ. ನಿಮ್ಗೆ ಮೊದ್ಲಿದ್ದಿದ್ದೇ ತಡ್ಕಳಕ್ ಆಗ್ತಿರ್ಲಿಲ್ಲ."

"ಎಷ್ಟ್ ಜೋರು?"

ಅವನು ಮೀಟರು ನೋಡಿದ, ಏನೋ ಹೇಳಲು ಹೋಗಿ, ನನಗೆ ಅದರ ಲೆಕ್ಕ ತಿಳಿಯುವುದಿಲ್ಲ ಅಂತ ಬಿಟ್ಟ. "ನಮ್ಮಕ್ಕನ್ ಮನೆ ಆಗಿದ್ರೆ ನಾನ್ ಬುಡ್ತಿರ್ಲಿಲ್ಲ," ಎಂದ.

ಹುಳು ಮನೆಯ ಕಡೆ ನೋಡಿದೆ. ಬಾಗಿಲಲ್ಲಿ ಪದ್ಮ ಮಂಡಿಯ ಮೇಲೆ ಗದ್ದವೂರಿ ಕೂತಿದ್ದಳು. ಒಳಗೆ ಹುಳುಗಳು ಮಳೆ ಸುರಿಸುತ್ತಲೇ ಇದ್ದವು. ಅಷ್ಟು ವರ್ಷದಿಂದ ಸಾಕಿದವಳಿಗೆ ಅವು ಸದ್ದು ಮಾಡುತ್ತವೆ ಎನ್ನುವುದೇ ಗೊತ್ತಿರಲಿಲ್ಲ. ಇನ್ನೊಂದು ಸಲ ಆ ಮಳೆಯನ್ನು ಮನಸ್ಸು ತುಂಬ ಕೇಳಿಸಿಕೊಂಡು, ಕಂಬ ಕೀಳು ಅಂದೆ.

ಕಂಬ ಹೋಗಿ, ತಂತಿ ಎಳೆದು, ಆ ತುದಿಯಲ್ಲಿ ನೆಟ್ಟು ಮುಗಿಯುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ನಾನು ನಡುಮನೆಯ ಕಂಬ ಹಿಡಿದು ಕಾದೆ. ಸದ್ದು ಬಂತು. ಮಧುಕುಮಾರ್ ಹೇಳಿದ್ದರಲ್ಲಿ ಒಂಚೂರೂ ಸುಳ್ಳಿರಲಿಲ್ಲ. ನೆಲದಿಂದ ಎದ್ದು, ಮೊಣಕಾಲು ತುಂಬಿ, ಹೊಟ್ಟೆ ತುಂಬಿ, ಕಣ್ಣಿನ ಹಿಂದೆ ಬಂದು ನಿಂತಿತು. ಕಣ್ಣು ಕತ್ತಲಿಟ್ಟು ಗೋಡೆಗೊರಗಿ ಕೂತೆ.

ಹುಳು ಮನೆಯಿಂದ ತಟ್ಟೆ ಬಿದ್ದ ಸದ್ದಾಯಿತು. ಪದ್ಮ ನಡುಮನೆಯ ಬಾಗಿಲಲ್ಲಿ ನಿಂತಿದ್ದಳು, ಸೆರಗಿನ ಮೇಲೆಲ್ಲ ಹುಳು ಹರಿದಾಡುತ್ತಿದ್ದವು. ಹುಳು ಕೆಳಗೆ ಬಿದ್ದರೆ ಜೀವ ಬಿಡುವವಳಿಗೆ ಅದರ ಕಡೆ ಗಮನವೇ ಇಲ್ಲ. ಎರಡೂ ಕೈಯಲ್ಲಿ ಕಿವಿ ಹಿಡಿದುಕೊಂಡಿದ್ದಳು, ಸಿಕ್ಕ ವಸ್ತು ಮತ್ತೆ ಜಾರದಂತೆ ಹಿಡಿಯುತ್ತಾರಲ್ಲ, ಹಾಗೆ. ನನ್ನ ಪಕ್ಕದಲ್ಲಿ ಕೂತು ಗೋಡೆಗೆ ತಲೆಯಾನಿಸಿದಳು. ಅವಳ ಬಾಯಿ ತೆರೆಯಿತು. ಮೊದಲು ಬರೀ ಗಾಳಿ ಬಂತು, ಆಮೇಲೆ ಗಂಟಲಿನ ತಳದಿಂದ ಒಂದು ದನಿ. ಒರಟಾಗಿತ್ತು, ತಡವರಿಸುತ್ತಿತ್ತು, ಎಲ್ಲೋ ಏರಿ ಎಲ್ಲೋ ಬೀಳುತ್ತಿತ್ತು. ಗೋಡೆಯೊಳಗಿನ ಸದ್ದನ್ನು ಹುಡುಕಿಕೊಂಡು ಹೋಗುತ್ತಿತ್ತು. ಸಿಕ್ಕಿದಾಗ ಅವಳು ಉಸಿರು ಮುಗಿಯುವವರೆಗೂ ಬಿಡದೆ ಹಿಡಿದಿಟ್ಟಳು, ನಕ್ಕಳು, ಮತ್ತೆ ಶುರು ಮಾಡಿದಳು. ಅವಳ ಅಳು, ನರಳಾಟ ನಾನು ಕೇಳಿದ್ದೆ. ಅವಳು ಬೇಕೆಂದು ದನಿ ಮಾಡಿದ್ದನ್ನು ಕೇಳಿರಲಿಲ್ಲ.

ನನ್ನ ತಲೆ ಸಿಡಿದುಹೋಗುತ್ತಿತ್ತು. ಅವಳು ನಿಲ್ಲಿಸುವುದು ಬೇಡ ಅನ್ನಿಸುತ್ತಿತ್ತು.

ಆ ಹೊತ್ತಿಗೆ ಕೆಂಚಮ್ಮ ತೋಟದಿಂದ ಬಂದಳು. ತಲೆಯ ಮೇಲಿನ ಸೊಪ್ಪಿನ ಹೊರೆಯನ್ನು ಅಂಗಳದಲ್ಲಿ ಇಳಿಸಿ ಸೊಂಟ ನೀವಿಕೊಳ್ಳುತ್ತಿದ್ದವಳು ಒಳಗಿನ ದನಿ ಕೇಳಿ ನಿಂತಳು.

"ಯಾರ್ ಲತಾ ಬಂದಿರೋರು?" ಎಂದು ಅಲ್ಲಿಂದಲೇ ಕೇಳಿದಳು. "ಯಾರದು ಹಾಡ್ತಿರೋದು?"

"ಯಾರೂ ಬಂದಿಲ್ಲತ್ತೆ," ಎಂದೆ. "ನಿಮ್ ಮಗ್ಳು."

ಕೆಂಚಮ್ಮ ಒಳಗೆ ಬರಲಿಲ್ಲ. ಆ ಹೊರೆಯ ಮೇಲೇ ಕೂತುಬಿಟ್ಟಳು. ಹುಳುವಿಗೆ ಹಾಕುವ ಸೊಪ್ಪಿನ ಮೇಲೆ ಯಾರೂ ಕೂರುವುದಿಲ್ಲ, ನಲುಗಿದ ಸೊಪ್ಪನ್ನು ಹುಳು ಮೂಸಿಯೂ ನೋಡುವುದಿಲ್ಲ. ಏಳಿ ಅಂತ ನಾನು ಹೇಳಲಿಲ್ಲ.